ಹಸಿರು ಪರದೆ ಹಾಡು: ತುಟಿ ಕೂತಿದೆ, ಕೂದಲಂಚು ಬಾಕಿ

ಉಡುಪಿಯ ಕಾಲೇಜು ವಿದ್ಯಾರ್ಥಿಗಳ ಹಾಡಿನ ವಿಡಿಯೊ ಎಡಿಟಿಂಗಿಗೆ ಬಂದಿದೆ. ಹಿನ್ನೆಲೆ ಮಲ್ಪೆ ಬೀಚಿನದು, ಹಾಡುಗಾರ್ತಿ ನಿಂತದ್ದು ಸಭಾಂಗಣದ ಹಸಿರು ಬಟ್ಟೆಯ ಮುಂದೆ; ಎಡಿಟಿಂಗಿನಲ್ಲಿ ಹಸಿರು ತೆಗೆದು ಆ ಜಾಗಕ್ಕೆ ಬೀಚು ಕೂಡಿಸಬೇಕು. ಲಿಪ್ ಸಿಂಕ್, ಅಂದರೆ ತುಟಿಯನ್ನು ಹಾಡಿನ ದನಿಗೆ ಹೊಂದಿಸುವ ಕೆಲಸ, ಮುಗಿದಿದೆ. ಇಂಥ ಹಾಡು ತೆಗೆಯುವ ಕ್ರಮ ಹೀಗೆ.

ಮೊದಲು ಮಲ್ಪೆಯ ಶಾಟ್, ಆಮೇಲೆ ಪರದೆ. ಈ ಕ್ರಮ ಬದಲಾಯಿಸಬಾರದು, ಯಾಕೆಂದರೆ ಒಳಗಿನ ಬೆಳಕನ್ನು ಹೊರಗಿನ ಸೂರ್ಯನೇ ಹೇಳಿಕೊಡಬೇಕು. ನಮ್ಮ ಕರಾವಳಿಯಲ್ಲಿ ಸಂಜೆ ಕಡಲಿಗೆ ಬೆನ್ನು ಹಾಕಿ ನಿಂತರೆ ಬಿಸಿಲು ಹಿಂದಿನಿಂದ ಬೀಳುತ್ತದೆ. ಹಾಗಾಗಿ ಭುಜ, ಕೂದಲಿಗೆ ಹಿಂದಿನಿಂದ 3200 ಕೆಲ್ವಿನ್ (ಹಳದಿ ಛಾಯೆಯ) ಲೈಟು, ಮುಖಕ್ಕೆ ಅದಕ್ಕಿಂತ ಮಂದವಾದ 5600 ಕೆಲ್ವಿನ್ (ಹಗಲಿನಂತೆ ಬಿಳಿ) ಮೆದು ಬೆಳಕು. ಮುಖಕ್ಕೇ ಜೋರು ಲೈಟು ಬಿಟ್ಟರೆ ಕೀ (ಹಸಿರನ್ನು ತೆಗೆದುಹಾಕುವ ಕೆಲಸ) ಎಷ್ಟು ಚೆನ್ನಾಗಿ ಬಂದರೂ ಅಂಟಿಸಿದ ಹಾಗೇ ಕಾಣುತ್ತದೆ. ಕ್ಯಾಮೆರಾ ಎತ್ತರ ಎರಡೂ ಕಡೆ 1.4 ಮೀಟರ್. ಸಮತಟ್ಟು ಮರಳಿನಲ್ಲಿ ದಿಗಂತದ ಗೆರೆ ಆಕೆಯ ಕಾಲಿನಿಂದ ಅಷ್ಟೇ ಎತ್ತರದಲ್ಲಿ, ಅಂದರೆ ಗದ್ದದ ಹತ್ತಿರ, ಹಾಯಬೇಕು. ಸೊಂಟಕ್ಕೆ ಬಂದರೆ ಆಕೆ ದೈತ್ಯಳಾಗಿ ಕಾಣುತ್ತಾಳೆ.

ಬಟ್ಟೆ ಹೊಳಪಿಲ್ಲದ ಹತ್ತಿಯದು, 3x6 ಮೀಟರ್. ಇಲ್ಲಿನ ತೇವಕ್ಕೆ ಮಡಿಕೆ ಬೇಗ ಮರಳುತ್ತದೆ. ಇಸ್ತ್ರಿ ಮಾಡಿ ನಾಲ್ಕೂ ಬದಿ ಕ್ಲಿಪ್ಪಿನಿಂದ ಬಿಗಿದು ಕಟ್ಟಬೇಕು. ಬಟ್ಟೆಗೇ ಪ್ರತ್ಯೇಕ ಎರಡು ಲೈಟು, ಮೂಲೆಯಿಂದ ಮೂಲೆಗೆ ಬೆಳಕಿನಲ್ಲಿ ಅರ್ಧ ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಹೆಚ್ಚು ವ್ಯತ್ಯಾಸ ಬೇಡ. ಹಾಡುಗಾರ್ತಿ ಬಟ್ಟೆಯಿಂದ ಎರಡೂವರೆ ಮೀಟರ್ ಮುಂದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್: ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟು ಮಿನುಗುವುದಿಲ್ಲ. ವೈಟ್ ಬ್ಯಾಲೆನ್ಸ್ ಲಾಕ್, ನಡುವೆ ಬಣ್ಣದ ಛಾಯೆ ಬದಲಾಗಬಾರದು. ಮೊಬೈಲಾದರೆ 4ಕೆಯಲ್ಲೇ ತೆಗೆಯಿರಿ. ಮೊಬೈಲಿನ ಸಾಮಾನ್ಯ 4:2:0 ಬಗೆಯ ಫೈಲಿನಲ್ಲಿ ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧವೇ ಇರುತ್ತದೆ, 1080ಕ್ಕೆ ಇಳಿಸಿದಾಗ ಅಂಚು ಸರಿಯಾಗಿ ಸಿಗುತ್ತದೆ.

ಇನ್ನು ತುಟಿ. ಬರೀ ಬಾಯಿ ಆಡಿಸಿದರೆ ಗಂಟಲು, ಉಸಿರು ಸುಳ್ಳು ಹೇಳುತ್ತವೆ. ದನಿ ಎತ್ತಿ ಹಾಡಿಸಬೇಕು. ಆಮೇಲೆ ದನಿ ಹೊಂದಿಸಲು ಟ್ರ್ಯಾಕಿನ ಮೊದಲಿಗೆ ಮೂರು ಬೀಪ್ ಸೇರಿಸಿ, ಕ್ಯಾಮೆರಾದ ಮೈಕಿನಲ್ಲೂ ಅದು ದಾಖಲಾಗಲಿ. ಬ್ಲೂಟೂತ್ ಸ್ಪೀಕರಿನ ವಿಳಂಬಕ್ಕೆ ಹೆದರಬೇಕಿಲ್ಲ, ಆಕೆ ಕೇಳಿದ್ದನ್ನೇ ಮೈಕೂ ಕೇಳುತ್ತದೆ. ದೂರದ್ದು ಬೇರೆ ಮಾತು. ಸ್ಪೀಕರು ಮೈಕಿನ ಪಕ್ಕದಲ್ಲಿದ್ದು ಹಾಡುವವರು 14 ಮೀಟರ್ ಆಚೆ ನಿಂತರೆ 40 ಮಿಲಿಸೆಕೆಂಡ್, ಅಂದರೆ ಪೂರಾ ಒಂದು ಫ್ರೇಮ್, ತಡವಾಗುತ್ತದೆ.

ಪಲ್ಲವಿಯಲ್ಲಿ ಸರಿಯಿದ್ದು ಕೊನೆಯ ಚರಣದಲ್ಲಿ ತಪ್ಪಿದರೆ ಅದು ಮೊಬೈಲಿನ ಅಸ್ಥಿರ ಫ್ರೇಮ್ ರೇಟಿನ ಕೆಲಸ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರಿನಲ್ಲಿ ಸ್ಥಿರ 25ಕ್ಕೆ ಬದಲಾಯಿಸಿಯೇ ಎಡಿಟರಿಗೆ ಹಾಕಬೇಕು. ಪರೀಕ್ಷೆಗೆ ಪವರ್ಗವೇ ಸಾಕು. ಪ, ಬ ಸಿಡಿಯುವ ಮುಂಚಿನ ಫ್ರೇಮಿನಲ್ಲಿ ತುಟಿ ಕೂಡಿರಬೇಕು, ಮ ಕೇಳುವಷ್ಟೂ ಹೊತ್ತು ಮುಚ್ಚಿರಬೇಕು. ತ, ನ, ಕ ನೋಡಿ ಏನೂ ಹೇಳಲಾಗದು. ಅನುಮಾನ ಬಂದರೆ ದನಿಯನ್ನು ತುಸು ಹಿಂದೆ ಬಿಡಿ: ಮುಂಚೆ ಬಂದ ದನಿ ಸುಮಾರು 45 ಮಿಲಿಸೆಕೆಂಡಿಗೇ ಗೊತ್ತಾಗುತ್ತದೆ, ತಡವಾದದ್ದು 125ರ ತನಕ ಗೊತ್ತಾಗುವುದಿಲ್ಲ ಎನ್ನುತ್ತದೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸು. ಸ್ಲೋ ಮೋಷನ್ ಶಾಟಿಗೆ 50 ಫ್ರೇಮಿನಲ್ಲಿ, ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ ತೆಗೆಯಲಾಗಿದೆ. ಆಲಾಪಕ್ಕೆ ಇದು ಸೊಗಸು, ಪದ ದಟ್ಟವಾದ ಸಾಲಿಗೆ ಬಾಯಿ ತಿರುಗುವುದಿಲ್ಲ.

ಉಳಿದ ತೊಡಕು ಮುಡಿದ ಶಂಕರಪುರ ಮಲ್ಲಿಗೆಯದು. ಬಿಳಿ ಎಸಳಿಗೆ ಬಟ್ಟೆಯ ಹಸಿರು ಬಡಿದಿದೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಡಿಸ್ಪಿಲ್ (ಮೈಗೆ ಬಡಿದ ಹಸಿರು ಛಾಯೆ ತೆಗೆಯುವುದು) ಜಾಸ್ತಿ ಮಾಡಿದರೆ ಹೂವು ನಸುಗೆಂಪಾಗುತ್ತದೆ, ಕಡಿಮೆ ಮಾಡಿದರೆ ಕೂದಲಂಚು ಹಸಿರಾಗಿಯೇ ಉಳಿಯುತ್ತದೆ. ಮೈಗೆ ಗಟ್ಟಿ ಕೀ, ತಲೆಗೆ ಮಾಸ್ಕ್ (ಆ ಭಾಗವನ್ನಷ್ಟೇ ಬೇರ್ಪಡಿಸುವ ಗೆರೆ) ಹಾಕಿ ಮೆದು ಕೀ, ಹೂವಿಗೆ ಮತ್ತೊಂದು ಮಾಸ್ಕಿನಲ್ಲಿ ಹಸಿರಿನ ಸ್ಯಾಚುರೇಷನ್ (ಬಣ್ಣದ ಗಾಢತೆ) ಮಾತ್ರ ಇಳಿಸುವುದು, ಹೀಗೆ ಮೂರು ಪದರ ಮಾಡಿದ ಶಾಟುಗಳು ಚೆನ್ನಾಗಿ ಬಂದಿವೆ. ಬಿಸಿಲು ಹಿಂದಿನಿಂದ ಬರುವುದರಿಂದ, ಇನ್ನು ಮರಳಿನ ಮೇಲೆ ಕ್ಯಾಮೆರಾದ ಕಡೆಗೆ ಚಾಚುವ ಉದ್ದ ನೆರಳು ಹಾಕಬೇಕು.