ಕೆಟಲ್‌ಬೆಲ್: ಮೈಬಲಕ್ಕೋ, ದಮ್ಮಿಗೋ?

ಜೂನ್‌ನಲ್ಲಿ ಮಡಿಕೇರಿಯ ಮಳೆ ಒಮ್ಮೆ ಹಿಡಿದುಕೊಂಡಿತೆಂದರೆ ಬೆಳಗಿನ ಓಟಕ್ಕೆ ಆಗಸ್ಟ್ ಮುಗಿಯುವವರೆಗೂ ರಜೆ. ಜಗಲಿಯಲ್ಲೇ ಏನಾದರೂ ಮಾಡೋಣವೆಂದು ಮೂರು ವರ್ಷಗಳ ಹಿಂದೆ 16 ಕೆ.ಜಿ.ಯ ಕೆಟಲ್‌ಬೆಲ್ (ಮೇಲೆ ಹಿಡಿಯಿರುವ ಕಬ್ಬಿಣದ ಗುಂಡು) ತರಿಸಿಕೊಂಡೆ. ಇದು ಮೈಬಲ ಬೆಳೆಸುವ ವ್ಯಾಯಾಮವೋ, ಓಟದ ಹಾಗೆ ದಮ್ಮು ಹೆಚ್ಚಿಸುವ ಕಾರ್ಡಿಯೊವೋ ಎಂದು ಅದನ್ನು ಕಂಡವರೆಲ್ಲ ಕೇಳುತ್ತಾರೆ.

ಎಷ್ಟು ಭಾರ, ಎಷ್ಟು ಸಲ, ನಡುವೆ ಎಷ್ಟು ವಿಶ್ರಾಂತಿ ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ತೋಟದ ಕೆಲಸ ಕಂಡವರಿಗೆ ಇದು ಹೊಸ ಮಾತೇನಲ್ಲ. 50 ಕೆ.ಜಿ.ಯ ಕಾಫಿ ಚೀಲವನ್ನು ಲಾರಿಗೆ ಎತ್ತಿ ಹಾಕುವಾಗ ಮೊದಲು ಸೋಲುವುದು ಸೊಂಟ ಮತ್ತು ತೊಡೆ. ಅರ್ಧ ತುಂಬಿದ ಹಣ್ಣಿನ ಚೀಲ ಹೊತ್ತು ಇಳಿಜಾರಿನಿಂದ ಕಣಕ್ಕೆ ಹತ್ತು ಸಲ ಏರಿ ಬರುವಾಗ ಮೊದಲು ಸೋಲುವುದು ಉಸಿರು.

ಎರಡು ಕೈಗಳಲ್ಲಿ ಹಿಡಿದು, ಸೊಂಟದ ಒತ್ತಿನಿಂದ ಎದೆಯೆತ್ತರಕ್ಕೆ ಬೀಸುವ ಸ್ವಿಂಗ್ ಈ ಎರಡರ ನಡುವೆ ನಿಲ್ಲುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಹತ್ತು ಮಂದಿ ಪುರುಷರು 12 ನಿಮಿಷಗಳಲ್ಲಿ ಸಾಧ್ಯವಾದಷ್ಟು ಸ್ವಿಂಗ್ ಮಾಡಿದರು. ಆಗ ಅವರ ಹೃದಯಬಡಿತ ಗರಿಷ್ಠದ ಸುಮಾರು ಶೇ. 87ಕ್ಕೆ ಏರಿದ್ದರೂ ಆಮ್ಲಜನಕದ ಬಳಕೆ ಗರಿಷ್ಠದ ಶೇ. 65ರಷ್ಟೇ ಇತ್ತು. ಹಿಡಿಯನ್ನು ಬಿಗಿಹಿಡಿದು, ಹೊಟ್ಟೆ ಬೆನ್ನುಗಳನ್ನು ಬಿಗಿಗೊಳಿಸಿ ಮಾಡುವ ಕೆಲಸದಲ್ಲಿ ಬಡಿತ ಹೀಗೆ ಆಮ್ಲಜನಕವನ್ನು ಮೀರಿ ಓಡುವುದುಂಟು. ಕೈಗಡಿಯಾರ ತೋರಿಸುವ ಬಡಿತವನ್ನೇ ನಂಬಿ ‘ಇವತ್ತು ಓಡಿದಷ್ಟೇ ಆಯಿತು’ ಎಂದುಕೊಳ್ಳುವುದು ಸರಿಯಲ್ಲವೆಂದು ನನಗನ್ನಿಸಿದ್ದು ಇದರಿಂದಲೇ.

ಬಲದ ಕಡೆಗೂ ಪುರಾವೆಯಿದೆ. 2012ರ ಒಂದು ಅಧ್ಯಯನದಲ್ಲಿ ಆರು ವಾರಗಳ ಸ್ವಿಂಗ್‌ನಿಂದ ಅರ್ಧ ಸ್ಕ್ವಾಟ್‌ನಲ್ಲಿ, ಅಂದರೆ ಭಾರ ಹೊತ್ತು ಅರ್ಧ ಕುಳಿತು ಏಳುವುದರಲ್ಲಿ, ಎತ್ತಬಲ್ಲ ಗರಿಷ್ಠ ಭಾರ ಸುಮಾರು ಶೇ. 10ರಷ್ಟು ಹೆಚ್ಚಿತು. ಅದೇ ವರ್ಷದ ಮತ್ತೊಂದು ಅಧ್ಯಯನದಲ್ಲಿ ಬಾರ್‌ಬೆಲ್ (ಎರಡೂ ತುದಿಗೆ ತೂಕದ ಬಿಲ್ಲೆ ಸಿಕ್ಕಿಸುವ ಉದ್ದ ಸರಳು) ಎತ್ತಿದವರ ಬಲ ಕೆಟಲ್‌ಬೆಲ್‌ನವರಿಗಿಂತ ಹೆಚ್ಚು ಬೆಳೆಯಿತು. ಬಾರ್‌ಬೆಲ್‌ಗೆ ಎರಡೂವರೆ ಕೆ.ಜಿ.ಯನ್ನೂ ಸೇರಿಸಿಕೊಳ್ಳಬಹುದು, ಕೆಟಲ್‌ಬೆಲ್‌ನಲ್ಲಿ 16ರ ನಂತರದ ರೂಢಿಯ ಮೆಟ್ಟಿಲು 24. (ರಷ್ಯನ್ನರ ಹಳೆಯ ತೂಕವಾದ ಪೂಡ್ ಸುಮಾರು 16.38 ಕೆ.ಜಿ.; ಒಂದು, ಒಂದೂವರೆ, ಎರಡು ಪೂಡ್ ಎಂಬ ಲೆಕ್ಕವೇ ಇಂದಿನ 16, 24, 32.) ರಷ್ಯನ್ನರ ಕೆಟಲ್‌ಬೆಲ್ ಸ್ಪರ್ಧೆಗಳಲ್ಲಿ ಹತ್ತು ನಿಮಿಷ ನೆಲಕ್ಕಿಡದೆ ಎತ್ತಬೇಕಾಗಿರುವುದರಿಂದ ಅಲ್ಲಿ ಬಲದಷ್ಟೇ ದಮ್ಮೂ ಪಣಕ್ಕಿರುತ್ತದೆ.

ಮೊದಲ ಮಳೆಗಾಲದಲ್ಲಿ ನನ್ನ ಬಲಗೈ ಆ 16 ಕೆ.ಜಿ.ಯನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದುದು ಮೂರೇ ಸಲ. ನಾಲ್ಕನೆಯದಕ್ಕೆ ಮೊಣಕೈ ನಡುಗಿ ಅರ್ಧದಲ್ಲೇ ನಿಲ್ಲುತ್ತಿತ್ತು. ಈಗ ಹದಿನೈದು ಸಲ ಎತ್ತಿದರೂ ತೋಳಿಗಿಂತ ಮೊದಲು ಉಸಿರೇ ದಣಿಯುತ್ತದೆ. ಆದ್ದರಿಂದ 24 ಕೆ.ಜಿ.ಯದೊಂದನ್ನು ಕೊಂಡೆ. ವಾರಕ್ಕೆ ಎರಡು ದಿನ ಅದರಿಂದ ನಾಲ್ಕೈದು ಸಲದಂತೆ ಎತ್ತಿ, ನಡುವೆ ಮೂರು ನಿಮಿಷ ಕೂರುತ್ತೇನೆ. ಇನ್ನೆರಡು ದಿನ ಹಳೆಯದರಲ್ಲಿ ಸ್ವಿಂಗ್.

ಕಳೆದ ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಊರಿನ ಏರುದಾರಿಯಲ್ಲಿ ಮತ್ತೆ ಓಡಿದೆ. ಉಸಿರು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಉಳಿದಿತ್ತು. ಮೀನಖಂಡ ಮಾತ್ರ ಮೂರು ದಿನ ಮೆಟ್ಟಿಲಿಳಿಯಲು ಬಿಡಲಿಲ್ಲ.