ಹಿಂದಿನ ಗೋಡೆ ಬಾರಿಸಿದ ಸ್ನೇರ್

ಬೆಂಗಳೂರಿನ ಎಂಟು ಜನರ ಬ್ಯಾಂಡ್ ಒಂದಕ್ಕೆ ನಾನು ಸೌಂಡ್ ನೋಡಿಕೊಳ್ಳುತ್ತೇನೆ. ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್, ಟ್ರಂಪೆಟ್, ಸ್ಯಾಕ್ಸೋಫೋನ್, ಇಬ್ಬರು ಗಾಯಕರು. ಹಳೇ ಕನ್ನಡ ಸಿನಿಮಾ ಹಾಡುಗಳನ್ನು ಫಂಕ್, ಸೋಲ್ ಧಾಟಿಯಲ್ಲಿ ಹಾಡುತ್ತಾರೆ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಮಾಡಿದ ‘ಸಂತೋಷಕ್ಕೆ’ ಶುರುವಾದರೆ ಸಾಕು, ಮುಂದಿನ ಸಾಲಿನ ಅಜ್ಜಿಯರೂ ಎದ್ದು ನಿಲ್ಲುತ್ತಾರೆ.

ಫಂಕ್ ಅಂದರೆ ಜೋರು ಸಂಗೀತ ಅಂತ ಹಲವರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಬ್ರೌನ್ ಮತ್ತು ಅವರ ತಂಡದವರು ಈ ಧಾಟಿಯನ್ನು ಗಟ್ಟಿ ಮಾಡಿದರು. ಮೊದಲ ಪೆಟ್ಟಿಗೆ ಪೂರ್ತಿ ಒತ್ತು. ಅದನ್ನು ಅವರು ‘ದಿ ಒನ್’ ಅನ್ನುತ್ತಿದ್ದರು. ನಮ್ಮ ತಾಳದಲ್ಲಿ ಸಮ ಇದ್ದ ಹಾಗೆ. ಅದು ಬಿದ್ದ ಮೇಲೆ ಎಲ್ಲರೂ ತುಂಡು ತುಂಡಾಗಿ ನುಡಿಸುತ್ತಾರೆ, ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಬರುತ್ತಾರೆ. ಅವರ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಸ್ನೇರ್ (ಟಪ್ ಅಂತ ಚುರುಕಾಗಿ ನುಡಿಯುವ ಡ್ರಮ್) ಮೇಲಿನ ದೊಡ್ಡ ಪೆಟ್ಟುಗಳ ನಡುವೆ ಕೇಳಿಯೂ ಕೇಳದಂಥ ಸಣ್ಣ ಪೆಟ್ಟುಗಳನ್ನು ಹಾಕುತ್ತಿದ್ದರು. ಕಾಲು ತಾನಾಗಿ ಕುಣಿಯೋದು ಅವುಗಳಿಂದಲೇ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಕಿವಿಗೆ ಹತ್ತಿದ್ದು ದಾವಣಗೆರೆಯ ಒಂದು ರಿಸೆಪ್ಷನ್‌ನಲ್ಲಿ.

ದೊಡ್ಡ ಕಲ್ಯಾಣ ಮಂಟಪ. ಗ್ರಾನೈಟ್ ನೆಲ, ಬೋಳು ಗೋಡೆ. ಎರಡನೇ ಹಾಡು ಮುಗಿಯುತ್ತಿದ್ದ ಹಾಗೆ ಡ್ರಮ್ಮರ್ ನನ್ನನ್ನು ಕೈ ಮಾಡಿ ಕರೆದ. “ಅಣ್ಣಾ, ಹಿಂದೆ ಇನ್ನೊಬ್ಬ ಯಾರೋ ಸ್ನೇರ್ ಬಾರಿಸ್ತಿದ್ದಾನೆ.”

ಮಾನಿಟರ್, ಅಂದರೆ ನುಡಿಸುವವರಿಗೆ ತಮ್ಮದು ಕೇಳಿಸಲಿ ಅಂತ ವೇದಿಕೆ ಮೇಲೆ ಇಡುವ ಸ್ಪೀಕರ್, ಕಮ್ಮಿ ಆಗಿರಬೇಕು ಅಂದುಕೊಂಡು ಜಾಸ್ತಿ ಮಾಡಿದೆ. ಗಿಟಾರಿನವನಿಗೆ ತನ್ನದು ಕೇಳಿಸಲಿಲ್ಲ, ಅವನು ಆಂಪ್ ಏರಿಸಿದ. ಗಾಯಕರು ತಮ್ಮದನ್ನು ಕೇಳಿದರು, ಅವರಿಗೂ ಕೊಟ್ಟೆ. ಅರ್ಧ ಗಂಟೆಯಲ್ಲಿ ಇಡೀ ಹಾಲ್ ಗೊಂಯ್ ಅನ್ನುತ್ತಿತ್ತು. ಹುಡುಗಿ ಕಡೆಯ ಹಿರಿಯರೊಬ್ಬರು ಬಂದು, “ಯಾವ ಹಾಡು ಅಂತಾನೇ ತಿಳೀತಿಲ್ಲಪ್ಪಾ” ಅಂದರು. ಸಿಟ್ಟಿನಿಂದ ಅಲ್ಲ, ಬೇಜಾರಿನಿಂದ. ಅದು ನನಗೆ ಜಾಸ್ತಿ ತಟ್ಟಿತು.

ಬಿಡುವಿನಲ್ಲಿ ವೇದಿಕೆ ಹತ್ತಿ, ಡ್ರಮ್ಮರ್ ಕೂರುವ ಜಾಗದಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದೆ. ಟಪ್... ಟಪ್. ಎರಡನೆಯದು ಹಿಂದಿನ ಗೋಡೆಯದು.

ಗೋಡೆ ಸುಮಾರು 25 ಮೀಟರ್ ದೂರ. ಸದ್ದು ಹೋಗಿ ಬರೋಕೆ 50 ಮೀಟರ್. ಸೆಕೆಂಡಿಗೆ ಸುಮಾರು 345 ಮೀಟರ್ ಲೆಕ್ಕದಲ್ಲಿ 145 ಮಿಲಿಸೆಕೆಂಡ್ ಹಿಡಿಯುತ್ತದೆ. ನಮ್ಮ ಹಾಡಿನ ವೇಗ ನಿಮಿಷಕ್ಕೆ 104 ಪೆಟ್ಟು. ಒಂದು ಪೆಟ್ಟನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಪಾಲು 144 ಮಿಲಿಸೆಕೆಂಡ್. ಅಂದರೆ ಪ್ರತಿ ಪೆಟ್ಟೂ ವಾಪಸ್ ಬಂದು, ಅವನು ಖಾಲಿ ಬಿಟ್ಟ ಪಾಲಿನಲ್ಲೇ ಸರಿಯಾಗಿ ಕೂರುತ್ತಿತ್ತು! ಹುಡುಗ ಹೇಳಿದ್ದು ಅಕ್ಷರಶಃ ನಿಜ. ನಾನು ಸದ್ದು ಏರಿಸಿದಷ್ಟೂ ಆ ಇನ್ನೊಬ್ಬನೂ ಜೋರಾಗಿ ಬಾರಿಸುತ್ತಿದ್ದ.

ಸ್ಪೀಕರ್‌ಗಳು ನೆಟ್ಟಗೆ ಗೋಡೆ ಕಡೆ ಮುಖ ಮಾಡಿದ್ದವು. ಅವನ್ನು ಬಗ್ಗಿಸಿ ಕುರ್ಚಿಗಳ ಕಡೆ ತಿರುಗಿಸಿದೆವು. ಡೆಕೊರೇಷನ್ ಹುಡುಗರ ಹತ್ತಿರ ದಪ್ಪ ಪರದೆಗಳು ಉಳಿದಿದ್ದವು. ಕೇಳಿದ ಕೂಡಲೇ ಏಣಿ ತಂದು ಹಿಂದಿನ ಗೋಡೆಗೆ ನೆರಿಗೆ ಬಿಟ್ಟು ಇಳಿಬಿಟ್ಟರು. ಅವರ ಉಪಕಾರ ಮರೆಯಲ್ಲ. ಮಾನಿಟರ್‌ಗಳನ್ನು ಒಂದೊಂದಾಗಿ ಇಳಿಸಿದೆ. ಗಾಯಕರು, ಗಿಟಾರ್, ಟ್ರಂಪೆಟ್, ಸ್ಯಾಕ್ಸ್ ಎಲ್ಲದರಲ್ಲೂ 100 ಹರ್ಟ್ಸ್‌ಗಿಂತ (ಸೆಕೆಂಡಿಗೆ 100 ಕಂಪನ) ಕೆಳಗಿನ ದಪ್ಪ ಸದ್ದನ್ನು ಕತ್ತರಿಸಿದೆ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಗುದ್ದೂ ಆ ಕೆಳಗಿನ ಭಾಗದಲ್ಲೇ ಇರುತ್ತದೆ. ಆ ಜಾಗ ಅವರಿಬ್ಬರಿಗೇ ಬೇಕು, ಅಲ್ವಾ?

ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್ ಮಾಡಬೇಕು. 9.40ಕ್ಕೆ ‘ಸಂತೋಷಕ್ಕೆ’ ಎತ್ತಿಕೊಂಡರು. ನಡುವೆ ಒಂದು ಕಡೆ ಎಂಟೂ ಜನ ಗಕ್ಕನೆ ನಿಲ್ಲುತ್ತಾರೆ, ಒಂದು ಸುತ್ತು ಪೂರ್ತಿ ಖಾಲಿ. ಆ ಖಾಲಿಯಲ್ಲಿ ಊಟದ ಹಾಲ್‌ನಲ್ಲಿ ಯಾರೋ ಸ್ಟೀಲ್ ಲೋಟ ಇಟ್ಟ ಸದ್ದು ನನ್ನ ಮಿಕ್ಸರ್ ತನಕ ಕೇಳಿಸಿತು. ಆಮೇಲೆ ಸಮಕ್ಕೆ ಎಲ್ಲರೂ ಒಟ್ಟಿಗೆ ಬಿದ್ದರು. ಆ ಹಿರಿಯರೂ ಮೊಮ್ಮಗಳ ಕೈ ಹಿಡಿದು ಹೆಜ್ಜೆ ಹಾಕುತ್ತಿದ್ದರು.

ಈಗ ಪೆಟ್ಟಿಗೆಗಳನ್ನು ಇಳಿಸೋ ಮೊದಲೇ ವೇದಿಕೆ ಮೇಲೆ ಹೋಗಿ ಚಪ್ಪಾಳೆ ತಟ್ಟುತ್ತೇನೆ. ಗೋಡೆ ತನಕ ಹೆಜ್ಜೆ ಎಣಿಸುತ್ತೇನೆ. ಗಾಡಿಯಲ್ಲಿ ನಾಲ್ಕು ದಪ್ಪ ಪರದೆ ಸದಾ ಇರುತ್ತವೆ. ಮುಂದಿನ ವಾರ ಹಾಸನದಲ್ಲಿ ಶೋ ಇದೆ. ಹಾಲ್ ನೋಡಿಕೊಂಡು ಬಂದೆ, ಹಿಂದಿನ ಗೋಡೆ ಪೂರ್ತಿ ಗಾಜು. ಇನ್ನೂ ನಾಲ್ಕು ಪರದೆ ಬಾಡಿಗೆಗೆ ಹೇಳಿದ್ದೇನೆ.