ಮಲ್ಟಿಮೀಟರಿನ ಬ್ಯಾಟರಿ

ಗಿಟಾರಿಗೆ ಕೇಬಲ್ ಚುಚ್ಚಿದ್ದೇ ತಡ, ಸ್ಟೇಜಿನ ಎರಡೂ ಬದಿಯ ದೊಡ್ಡ ಬಾಕ್ಸ್‌ಗಳಿಂದ 'ಗುಂಯ್' ಅಂತ ಸದ್ದು ಹೊರಟಿತು. ಕಡಜದ ಗೂಡನ್ನು ತಂದು ಮೈಕಿನ ಮುಂದೆ ಇಟ್ಟ ಹಾಗೆ. ಮುಂದಿನ ಸಾಲಿನಲ್ಲಿ ಆಗಲೇ ಜಾಗ ಹಿಡಿದು ಕೂತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಮೊಮ್ಮಗ ಖುಷಿಯಿಂದ ಚಪ್ಪಾಳೆ ತಟ್ಟಿದ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯಾ ಕಡೆ ಹೋಗುವ ದಾರಿಯಲ್ಲಿ ಒಂದು ಶಾಲೆಯ ಮೈದಾನ. ಅಲ್ಲಿಯ ಯುವಕರ ಕ್ಲಬ್ಬಿನ ವಾರ್ಷಿಕೋತ್ಸವ. ಪತ್ತನಾಜೆಗೆ ಇನ್ನು ನಾಲ್ಕೇ ದಿನ. ತುಳುವರ ಬೇಶ ತಿಂಗಳ ಹತ್ತನೇ ದಿನ ಅದು, ಸುಮಾರು ಮೇ 24ಕ್ಕೆ ಬರುತ್ತದೆ. ಅದು ಕಳೆದರೆ ನಮ್ಮ ಕಡೆ ಕೋಲ, ನೇಮ, ಮೇಳಗಳ ತಿರುಗಾಟ ಎಲ್ಲ ಬಂದ್. ಹಾಗಾಗಿ ಮೇ ಮೂರನೇ ವಾರದಲ್ಲಿ ಎಲ್ಲರಿಗೂ ಅವಸರ, ಎಲ್ಲ ಮೈದಾನದಲ್ಲೂ ಪೆಂಡಾಲು. ನಮ್ಮ ಆರ್ಕೆಸ್ಟ್ರಾಕ್ಕೂ ಅದು ಆ ವರ್ಷದ ಕೊನೆಯ ಕಾರ್ಯಕ್ರಮ. ಕನ್ನಡ, ಮಲಯಾಳ, ತುಳು, ಹಿಂದಿ ಎಲ್ಲ ಸೇರಿಸಿ ಇಪ್ಪತ್ತನಾಲ್ಕು ಹಾಡು. ಮಲಯಾಳದವರು ಗಾನಮೇಳ ಅನ್ನುತ್ತಾರೆ, ನಾವು ಆರ್ಕೆಸ್ಟ್ರಾ ಅನ್ನುತ್ತೇವೆ. ಪೇಮೆಂಟ್ ಮಾತ್ರ ಎರಡು ಭಾಷೆಯಲ್ಲೂ ಕಮ್ಮಿ.

ಆ ವರ್ಷ ನನಗೆ ಪೆಡಲ್‌ಗಳ ಹುಚ್ಚು ಹಿಡಿದಿತ್ತು. ಪೆಡಲ್ ಅಂದರೆ ಕಾಲಲ್ಲಿ ತುಳಿದು ಗಿಟಾರಿನ ಸದ್ದು ಬದಲಿಸುವ ಪುಟ್ಟ ಡಬ್ಬಿ. ಗಿಟಾರಿನವರಿಗೆ ಇದು ಒಮ್ಮೆ ಬಂದೇ ಬರುವ ಜ್ವರ. ಮೊದಲು ಸದ್ದನ್ನು ಒರಟು ಮಾಡುವ ಒಂದು ಡಿಸ್ಟಾರ್ಶನ್ ತೆಗೆದುಕೊಳ್ಳುತ್ತೇವೆ. ಆಮೇಲೆ ಸದ್ದು ಸ್ವಲ್ಪ ಒಣಗಿದ ಹಾಗಿದೆ ಅನಿಸಿ, ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಡಿಲೇ ಬರುತ್ತದೆ. ಡಿಲೇ ಬಂದ ಮೇಲೆ ದೊಡ್ಡ ಹಾಲಿನ ಮೊಳಗು ಕೊಡುವ ರಿವರ್ಬ್ ಇಲ್ಲದಿದ್ದರೆ ಹೇಗೆ? ಹೀಗೆ ನನ್ನ ಹಲಗೆ ಮೇಲೆ ಏಳು ಪೆಡಲ್ ಕೂತಿದ್ದವು: ಟ್ಯೂನರ್, ವಾ, ಹಸಿರು ಬಣ್ಣದ ಓವರ್‌ಡ್ರೈವ್, ಕಿತ್ತಳೆ ಬಣ್ಣದ ಡಿಸ್ಟಾರ್ಶನ್, ಕೋರಸ್, ಡಿಲೇ, ರಿವರ್ಬ್. ಹಲಗೆ ಅಂದರೆ ಅಟ್ಟದಲ್ಲಿ ಉಳಿದಿದ್ದ ಪ್ಲೈವುಡ್ ತುಂಡು. ಅದಕ್ಕೆ ವೆಲ್ಕ್ರೋ ಅಂಟಿಸಿ, ಎತ್ತಲು ಹಳೆಯ ಸೂಟ್‌ಕೇಸಿನ ಹಿಡಿ ಜೋಡಿಸಿದ್ದೆ. ಇಷ್ಟಕ್ಕೂ ಕರೆಂಟು ಒಂದೇ ಒಂದು ಅಡಾಪ್ಟರಿನಿಂದ. ಒಂದು ವಯರಿಗೆ ಏಳು ಬಾಲ. ಪೆಡಲ್‌ಗೆ ಸುರಿದ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಅಡಾಪ್ಟರಿಗೆ ಹಾಕಿರಲಿಲ್ಲ. ಕಣ್ಣಿಗೆ ಕಾಣದ ಸಾಮಾನಿಗೆ ಯಾರು ದುಡ್ಡು ಹಾಕುತ್ತಾರೆ, ಅಲ್ವಾ?

ಕುಂಬಳೆಯ ನಮ್ಮ ಮನೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ರಾತ್ರಿ ಕೋಣೆಯ ಬಾಗಿಲು ಹಾಕಿ ಡಿಲೇ, ರಿವರ್ಬ್ ಎರಡನ್ನೂ ಒತ್ತಿ ಒಂದು ತಂತಿ ಮೀಟಿದರೆ ಸಾಕು, ಗವಿಯೊಳಗೆ ನುಡಿಸಿದ ಹಾಗೆ. ಅಪ್ಪ ಮಾತ್ರ ಆಗಾಗ ಹೇಳುತ್ತಿದ್ದರು, "ನೀನು ನುಡಿಸಿದ್ದು ಯಾವುದು, ಪೆಟ್ಟಿಗೆ ನುಡಿಸಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ ಮಾರಾಯಾ." ಅಪ್ಪ ತಾಳಮದ್ದಳೆಯಲ್ಲಿ ಮದ್ದಳೆ ನುಡಿಸುವವರು. ಅವರ ಉಪಕರಣವೆಲ್ಲ ಸೇರಿ ಮದ್ದಳೆ, ಒಂದು ಬೈರಾಸು, ಎಲೆ ಅಡಿಕೆ ಚೀಲ. ಹಾಗಾಗಿ ಅವರ ಮಾತನ್ನು ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ.

ಮೈದಾನಕ್ಕೆ ಬರುತ್ತೇನೆ. ಗುಂಯ್ ನಿಲ್ಲಲಿಲ್ಲ. ಕೇಬಲ್ ಬದಲಿಸಿದೆ, ಇಲ್ಲ. ಪೆಡಲ್‌ಗಳನ್ನೆಲ್ಲ ಆಫ್ ಮಾಡಿದೆ, ಸ್ವಲ್ಪ ಕಡಿಮೆಯಾಯಿತು. ಡಿಸ್ಟಾರ್ಶನ್ ಒತ್ತಿದರೆ ಗುಂಯ್ ಜೊತೆಗೆ 'ಕೀಂಯ್' ಅಂತ ಇನ್ನೊಂದು ಸೇರಿತು. ಕೀಬೋರ್ಡಿನವನು ಮಲಯಾಳದಲ್ಲಿ ಏನೋ ಅಂದ. ಡ್ರಮ್ಸ್‌ನವನು ನಕ್ಕ. ನನಗೆ ಬೆವರು.

ಆಗ ಎದ್ದು ಬಂದವರು ಮೈಕದ ಅಣ್ಣ. ಬಿಳಿ ಪಂಚೆ ಮಡಚಿ ಕಟ್ಟಿ, ಕಿವಿ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡು, ಮೂವತ್ತು ವರ್ಷದಿಂದ ಈ ಭಾಗದ ಮದುವೆ, ಕೋಲ, ಚುನಾವಣೆ ಎಲ್ಲಕ್ಕೂ ಸೌಂಡ್ ಹಾಕುತ್ತಾ ಬಂದವರು. ಗಿಟಾರ್ ನುಡಿಸಲು ಬರುವುದಿಲ್ಲ. ಹಲಗೆಯನ್ನು ನೋಡಿದರು.

"ಎಂತ ಮಾರಾಯಾ, ಕಾಲಡಿ ಸಂತೆ ಇಟ್ಟಿದ್ದೀಯಲ್ಲ."

ನಾನು ಒಂದೊಂದರ ಹೆಸರು ಹೇಳಲು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು. ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿದರು. ಮತ್ತೆ ಹೇಳಿದರು, "ಇದರಲ್ಲಿ ಎರಡು ಉಂಟು. ದಪ್ಪದ್ದು ಒಂದು, ಸಪೂರದ್ದು ಒಂದು. ಎರಡೂ ಒಂದೇ ತಾಯಿಯ ಮಕ್ಕಳಲ್ಲ."

ಅದನ್ನು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ನನಗೆ ಎಲ್ಲವೂ ಒಂದೇ 'ನಾಯ್ಸ್'.

ದಪ್ಪ ಸದ್ದು ನನ್ನ ಗಿಟಾರಿನದೇ. ನನ್ನದು ಸ್ಟ್ರಾಟ್ ಮಾದರಿಯ ಅಗ್ಗದ ಗಿಟಾರ್. ಫೆಂಡರ್‌ನವರು 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ತಂದಾಗ ಅದರಲ್ಲಿ ಇದ್ದದ್ದು ಮೂರು ಸಿಂಗಲ್ ಕಾಯಿಲ್ ಪಿಕಪ್. ಅಯಸ್ಕಾಂತದ ಸುತ್ತ ಸಪೂರ ತಾಮ್ರದ ತಂತಿ ಸಾವಿರಾರು ಸುತ್ತು. ತಂತಿ ಅಲುಗಿದ್ದನ್ನು ಅದು ಹಿಡಿಯುತ್ತದೆ, ಸರಿ. ಆದರೆ ಸುತ್ತಮುತ್ತ ಹರಿಯುವ ಕರೆಂಟಿನ 50 ಹರ್ಟ್ಸ್ ಮಿಡಿತವನ್ನೂ ಹಿಡಿಯುತ್ತದೆ. ಅದಕ್ಕೆ ಇವೆರಡರ ನಡುವೆ ಭೇದವಿಲ್ಲ. ನನ್ನ ಬೆನ್ನ ಹಿಂದೆಯೇ ಟ್ಯೂಬ್‌ಲೈಟಿನ ಸಾಲು, ಕಂಬಕ್ಕೆ ಸುತ್ತಿದ ಸೀರಿಯಲ್ ಸೆಟ್, ಸ್ಟೇಜಿನ ಕೆಳಗೆ ಮೇನ್ ವಯರು. ಈ ತೊಂದರೆಗೆಂದೇ ಗಿಬ್ಸನ್ ಕಂಪೆನಿಯ ಸೇತ್ ಲವರ್ 1955ರಲ್ಲಿ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಹಂಬಕರ್ ಮಾಡಿದರು. ಎರಡೂ ಹಿಡಿದ ಗುಂಯ್ ಒಂದನ್ನೊಂದು ಹೊಡೆದು ಹಾಕುತ್ತದೆ, ತಂತಿಯ ಸ್ವರ ಮಾತ್ರ ಉಳಿಯುತ್ತದೆ. ಹೆಸರೇ ಹಾಗೆ, ಗುಂಯ್ ಸದ್ದನ್ನು ತಡೆಯುವುದು ಅಂತ. ಇದೆಲ್ಲ ಓದಿ ಗೊತ್ತಿತ್ತು. ಓದಿದ್ದು ಸ್ಟೇಜಿನ ಮೇಲೆ ನೆನಪಿಗೆ ಬರುವುದಿಲ್ಲ, ಅಷ್ಟೇ.

"ಸ್ವಲ್ಪ ತಿರುಗು ನೋಡುವ," ಅಂದರು ಮೈಕದ ಅಣ್ಣ. ತಿರುಗಿದೆ. ಗುಂಯ್ ಇಳಿಯಿತು. ಇನ್ನೂ ತಿರುಗಿದೆ. ಬಹುತೇಕ ನಿಂತೇ ಹೋಯಿತು. ಆದರೆ ಆಗ ನಾನು ಜನರಿಗೆ ಬೆನ್ನು ಹಾಕಿ ಶಾಲೆಯ ಅಡಿಗೆಮನೆಯನ್ನು ನೋಡುತ್ತಾ ನಿಂತಿದ್ದೆ. ಅಜ್ಜಿಯ ಮೊಮ್ಮಗ ಮತ್ತೆ ಚಪ್ಪಾಳೆ ತಟ್ಟಿದ.

ಆಮೇಲೆ ಹೊಳೆಯಿತು. ನನ್ನ ಗಿಟಾರಿನಲ್ಲಿ ಐದು ಸ್ಥಾನದ ಸ್ವಿಚ್ ಇದೆ. ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿರುತ್ತಾರೆ. ಎರಡನೇ ಸ್ಥಾನದಲ್ಲೋ ನಾಲ್ಕನೇ ಸ್ಥಾನದಲ್ಲೋ ಇಟ್ಟರೆ ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡಿ ಹಂಬಕರಿನ ಹಾಗೆಯೇ ಗುಂಯ್ ಕಡಿಯುತ್ತವೆ. ಹಳೆಯ ಸ್ಟ್ರಾಟ್‌ಗಳಲ್ಲಿ ಇದು ಇರಲಿಲ್ಲ, ನನ್ನ ಅಗ್ಗದ್ದರಲ್ಲಿ ಇತ್ತು. ನಾಲ್ಕಕ್ಕೆ ತಳ್ಳಿದೆ. ದಪ್ಪ ಸದ್ದು ಹೋಯಿತು. ಜನರ ಕಡೆಗೆ ತಿರುಗಿ ನಿಂತೆ.

ಸಪೂರದ್ದು ಉಳಿಯಿತು. ಅದು ಆ ಏಳು ಬಾಲದ ಅಡಾಪ್ಟರಿನದು. ಡಿಲೇ, ರಿವರ್ಬ್ ನನ್ನವು ಡಿಜಿಟಲ್. ಒಳಗೆ ಸಣ್ಣ ಕಂಪ್ಯೂಟರೇ ಓಡುತ್ತಿರುತ್ತದೆ. ಅದರ ಕಿರಿಕಿರಿ ಒಂದೇ ವಯರಿನಲ್ಲಿ ಹಿಂದಕ್ಕೆ ಹರಿದು ಡಿಸ್ಟಾರ್ಶನ್ ಪೆಡಲಿಗೆ ಸೇರುತ್ತದೆ. ಡಿಸ್ಟಾರ್ಶನ್‌ನ ಕೆಲಸವೇ ಸಣ್ಣದ್ದನ್ನು ದೊಡ್ಡದು ಮಾಡುವುದು. ಇರುವೆಯನ್ನು ಆನೆ ಮಾಡಿಕೊಡುತ್ತದೆ. ಜೊತೆಗೆ ಕೆಲವು ಮಿಲಿ ಆಂಪಿಯರ್ ಸಾಕಾಗುವ ಪೆಡಲ್ ಮತ್ತು ಅದರ ಎಷ್ಟೋ ಪಟ್ಟು ಕರೆಂಟು ತಿನ್ನುವ ಡಿಜಿಟಲ್ ಪೆಡಲ್‌ಗಳನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ್ದೆ.

"ಹಾಗಾದರೆ ಬಾಲ ತೆಗಿ," ಅಂದರು ಮೈಕದ ಅಣ್ಣ. ರಿವರ್ಬ್ ಹೋಯಿತು. ಡಿಲೇ ಹೋಯಿತು. ಅದನ್ನು ತೆಗೆಯುವಾಗ ನಿಜವಾಗಿಯೂ ಬೇಜಾರಾಯಿತು. ಎರಡು ತಿಂಗಳ ಟ್ಯೂಷನ್ ದುಡ್ಡು ಅದು. ಕೋರಸ್ ತೆಗೆದೆ. ಕೀಂಯ್ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಅಡಾಪ್ಟರೇ ಸರಿ ಇರಲಿಲ್ಲ. ಕೊನೆಗೆ ಕಿತ್ತಳೆ ಡಿಸ್ಟಾರ್ಶನ್ ಒಂದನ್ನೇ ಹಲಗೆಯಿಂದ ಕಿತ್ತೆ. ಬಾಸ್ ಕಂಪೆನಿ 1978ರಲ್ಲಿ ತಂದ ಡಿಎಸ್-1 ಅದು. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ಕಾಲಡಿ ಇದ್ದದ್ದೂ ಇದೇ. ಕಿತ್ತಳೆ ಸಿಪ್ಪೆ ಬಣ್ಣದ ಆ ಡಬ್ಬಿಯ ಮೇಲೆ ಮೂರೇ ತಿರುಗಣೆ. ತುಳಿಯುವ ಭಾಗದ ಮುಂದೆ ಒಂದು ದಪ್ಪ ಸ್ಕ್ರೂ, ಕೈಯಲ್ಲೇ ತಿರುಗಿಸಿ ತೆಗೆಯಬಹುದು. ಒಳಗೆ 9 ವೋಲ್ಟ್ ಬ್ಯಾಟರಿಗೆ ಜಾಗ. ಬ್ಯಾಟರಿಯಲ್ಲಿ ಓಡಿಸಿದರೆ ಅಡಾಪ್ಟರಿನ ರಗಳೆಯೇ ಇಲ್ಲ. ಒಳಗೆ ಒಂದು ಬ್ಯಾಟರಿ ಇದೆ ಅಂತಲೂ ಗೊತ್ತಿತ್ತು. ಗೆದ್ದೆ ಅಂದುಕೊಂಡೆ.

ತುಳಿದೆ. ಕೆಂಪು ದೀಪ ಹತ್ತಲಿಲ್ಲ.

ಈ ಪೆಡಲ್‌ಗಳಲ್ಲಿ ಬೇರೆ ಆಫ್ ಸ್ವಿಚ್ ಇರುವುದಿಲ್ಲ. ಇನ್‌ಪುಟ್ ತೂತಿಗೆ ಕೇಬಲ್ ಹಾಕಿದರೆ ಬ್ಯಾಟರಿ ಆನ್, ಕೇಬಲ್ ತೆಗೆದರೆ ಆಫ್. ದೀಪ ಆರಿದ್ದರೂ ಕೇಬಲ್ ಇದ್ದರೆ ಒಳಗೆ ಕರೆಂಟು ಖರ್ಚಾಗುತ್ತಲೇ ಇರುತ್ತದೆ. ಹಿಂದಿನ ತಿಂಗಳು ಇದೊಂದನ್ನೇ ಬ್ಯಾಟರಿಯಲ್ಲಿ ನುಡಿಸಿ, ಕೇಬಲ್ ತೆಗೆಯದೆ ನಾಲ್ಕೈದು ದಿನ ಮೂಲೆಯಲ್ಲಿ ಬಿಟ್ಟಿದ್ದೆ. ಅದರ ಫಲ.

ಗಂಟೆ ಏಳೂಕಾಲು. ಬದಿಯಡ್ಕ ಪೇಟೆಗೆ ಹೋಗಿ ಬರಲು ಸಮಯವಿಲ್ಲ. ಮೈಕದ ಅಣ್ಣ ಏನೂ ಮಾತಾಡದೆ ತಮ್ಮ ಸಾಮಾನು ಪೆಟ್ಟಿಗೆಯಿಂದ ಹಳದಿ ಮಲ್ಟಿಮೀಟರ್ ತೆಗೆದರು. ಹಿಂಬದಿಯ ಸ್ಕ್ರೂ ಬಿಚ್ಚಿದರು. ಒಳಗಿನ 9 ವೋಲ್ಟ್ ಬ್ಯಾಟರಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿ, "ಉಂಟು, ಜೀವ ಉಂಟು" ಅಂತ ನನ್ನ ಕೈಗೆ ಕೊಟ್ಟರು.

"ನಿಮಗೆ ಬೇಡವಾ ಅಣ್ಣ?"

"ನನಗೆ ಟೆಸ್ಟರ್ ಸಾಕು."

ಇನ್ನೊಂದು ಕೆಲಸವನ್ನೂ ಅವರೇ ಮಾಡಿದರು. ನನ್ನದು 15 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್, ಅಂದರೆ ಸ್ಪೀಕರ್ ಇರುವ ಆಂಪ್ಲಿಫೈಯರ್ ಪೆಟ್ಟಿಗೆ, ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟದ್ದು. ಅದನ್ನು ಕಾರಿನಲ್ಲಿ ಹೀಗೇ ಹಾಕಿಕೊಂಡು ಬಂದಿದ್ದೆ. ಸ್ಟೇಜಿನಲ್ಲಿ ಇಡಲು ನಾಚಿಕೆ, ಅಕ್ಕಿ ಡಬ್ಬಿಯಷ್ಟೂ ಇಲ್ಲ. ಪೆಡಲ್‌ಗಳಿಂದ ನೇರ ಮಿಕ್ಸರಿಗೇ ವಯರು ಕೊಟ್ಟಿದ್ದೆ. ಅವರು ಆ ಆಂಪನ್ನು ತರಿಸಿ ಒಂದು ಕುರ್ಚಿಯ ಮೇಲೆ ಇಟ್ಟರು, ಹಾಡಲು ಇಟ್ಟಿದ್ದ ಶೂರ್ ಮೈಕ್ ಒಂದನ್ನು ಅದರ ಎದುರು ನಿಲ್ಲಿಸಿದರು. ಸ್ಪೀಕರಿನ ನಟ್ಟನಡುವೆ ಅಲ್ಲ, ಸ್ವಲ್ಪ ಬದಿಗೆ. ನಡುವೆ ಇಟ್ಟರೆ ಸದ್ದು ಚುಚ್ಚುತ್ತದೆ, ಬದಿಗೆ ಸರಿಸಿದರೆ ಮೆದುವಾಗುತ್ತದೆ. ಡಿಸ್ಟಾರ್ಶನ್ ಪೆಡಲನ್ನು ನೇರ ಮಿಕ್ಸರಿಗೆ ಕೊಟ್ಟರೆ ಪ್ಲಾಸ್ಟಿಕ್ ಹರಿದ ಹಾಗೆ ಕೇಳುತ್ತದೆ. ಅದೇ ಒಂದು ಗಿಟಾರ್ ಸ್ಪೀಕರಿನಿಂದ ಹಾದು ಬಂದರೆ ಮೇಲಿನ ಕರಕರ ಎಲ್ಲ ಅಲ್ಲೇ ಉಳಿದುಬಿಡುತ್ತದೆ. ಇದು ಬಡವರ ಉಪಾಯವೇನೂ ಅಲ್ಲ. ಒಂದೇ ಪವರ್ ವಾಲ್ವ್ ಇರುವ 5 ವ್ಯಾಟಿನ ಫೆಂಡರ್ ಚಾಂಪ್‌ನಂಥ ಪುಟ್ಟ ಆಂಪ್‌ಗಳ ಎದುರು ಮೈಕಿಟ್ಟು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಅಜ್ಜನ ಕಾಲದ ವಾಲ್ವ್ ರೇಡಿಯೋ ನೋಡಿದವರಿಗೆ ಆ ವಾಲ್ವ್ ಅಂದರೆ ಏನಂತ ಗೊತ್ತು.

ಮೊದಲ ಹಾಡಿಗೆ ಶ್ರುತಿ ನೋಡುವಾಗ ಇನ್ನೊಂದು ಕಾಟ. ಮೂರನೇ ತಂತಿ 'ಟಿಕ್' ಅಂತ ಹಾರಿ ಶ್ರುತಿ ತಪ್ಪುತ್ತಿತ್ತು. ನಟ್‌ನ ಕೊರಕಲಿನಲ್ಲಿ ತಂತಿ ಸಿಕ್ಕಿಕೊಳ್ಳುವುದು ಅದು. ನಟ್ ಅಂದರೆ ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ. ನಮ್ಮ ಮನೆಯಿಂದ ಸಮುದ್ರಕ್ಕೆ ನಡೆದುಕೊಂಡೇ ಹೋಗಬಹುದು. ಉಪ್ಪು ಗಾಳಿಗೆ ತಂತಿ ಎರಡೇ ವಾರದಲ್ಲಿ ಕಪ್ಪಾಗುತ್ತದೆ, ಬ್ರಿಡ್ಜಿನ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ಆಲನ್ ಕೀಗೆ ಬಗ್ಗುವುದಿಲ್ಲ. ಮೊದಲೆಲ್ಲ ಎಲ್ಲದಕ್ಕೂ ತೆಂಗಿನೆಣ್ಣೆ ಹಾಕುತ್ತಿದ್ದೆ. ಅದು ಧೂಳು ಹಿಡಿದು ಅಂಟಾಗಿ ಮೊದಲಿಗಿಂತ ಕಷ್ಟವಾಯಿತು. ಆ ಸಂಜೆ ಕ್ಲಬ್ಬಿನ ಹುಡುಗ ಲಕ್ಕಿ ಡ್ರಾ ಚೀಟಿ ಬರೆಯುತ್ತಿದ್ದ ಪೆನ್ಸಿಲ್ ಇಸಕೊಂಡು, ತಂತಿ ಎತ್ತಿ, ಕೊರಕಲಿಗೆ ಚೆನ್ನಾಗಿ ತಿಕ್ಕಿದೆ. ಪೆನ್ಸಿಲಿನ ಕಡ್ಡಿ ಗ್ರಾಫೈಟ್, ಅದು ಜಾರುತ್ತದೆ. ಟಿಕ್ ನಿಂತಿತು. ಏಳು ಪೆಡಲ್‌ಗಿಂತ ಒಂದು ಎಚ್‌ಬಿ ಪೆನ್ಸಿಲ್ ಉಪಯೋಗಕ್ಕೆ ಬಂತಲ್ಲ ಅಂತ ನಗು ಬಂತು.

ಎಂಟು ಗಂಟೆಗೆ ಪರದೆ ಎತ್ತಿದರು. ಹೆಚ್ಚಿನ ಹಾಡುಗಳಿಗೆ ಪೆಡಲ್ ಬೇಕಾಗಲೇ ಇಲ್ಲ. ಗಿಟಾರಿನ ವಾಲ್ಯೂಮ್ ತಿರುಗಣೆಯನ್ನೇ ಹಿಂದೆ ಮುಂದೆ ಮಾಡುತ್ತಾ ಸುಧಾರಿಸಿದೆ. ಒಂಬತ್ತನೇ ಹಾಡು ಇಳಯರಾಜ ಸಂಗೀತದ ಒಂದು ಹಳೆಯ ಕನ್ನಡ ಹಾಡು. ಅದರ ನಡುವೆ ಗಿಟಾರಿನದೊಂದು ತುಂಡು ಬರುತ್ತದೆ. ತುಳಿದೆ. ಕೆಂಪು ದೀಪ ಸ್ವಲ್ಪ ಮಂಕಾಗಿ ಹತ್ತಿತು. ಅರ್ಧ ಬಳಸಿದ ಬ್ಯಾಟರಿ, ಸದ್ದು ಸ್ವಲ್ಪ ಸಡಿಲ, ಅಂಚು ಹರಿದ ಹಾಗೆ. ಡಿಸ್ಟಾರ್ಶನ್ನಿನದೇ ಜಾತಿಯ ಹಳೆಯ ಫಜ್ ಪೆಡಲಿಗೆ ಬೇಕೆಂದೇ ಸವೆದ ಬ್ಯಾಟರಿ ಹುಡುಕಿ ಹಾಕುವವರಿದ್ದಾರೆ ಅಂತ ಓದಿ ನಕ್ಕಿದ್ದೆ. ಅವತ್ತು ನಗಲಿಲ್ಲ. ನನಗೆ ಇಷ್ಟವಾಯಿತು. ಡಿಲೇ ಇಲ್ಲದ್ದರಿಂದ ಎರಡು ಕಡೆ ತಪ್ಪಿದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು ಅನ್ನುವುದು ಬೇರೆ ಮಾತು. ಮನೆಯಲ್ಲಿ ಆ ತಪ್ಪುಗಳು ಗವಿಯೊಳಗೆ ಮುಚ್ಚಿಹೋಗುತ್ತಿದ್ದವು.

ಹನ್ನೊಂದು ಗಂಟೆಗೆ ಸಣ್ಣದಾಗಿ ಗುಡುಗಿತು. ಕೊನೆಯ ಎರಡು ಹಾಡು ಬಿಟ್ಟು ಮುಗಿಸಿದೆವು. ಟಾರ್ಪಾಲು ಎಳೆಯುವ ಗಡಿಬಿಡಿಯಲ್ಲಿ ಯಾರ ಸಾಮಾನು ಯಾರ ಗಾಡಿಗೆ ಹೋಯಿತೋ. ನಾನು ಕಾರಿನಲ್ಲಿ ಅರ್ಧ ದಾರಿ ದಾಟುವಾಗ ನೆನಪಾಯಿತು, ಬ್ಯಾಟರಿ ಇನ್ನೂ ಪೆಡಲಿನಲ್ಲೇ ಇದೆ. ಕೇಬಲ್ ತೆಗೆದಿದ್ದೇನಾ ಅಂತ ಹಿಂದಿನ ಸೀಟಿಗೆ ಕೈ ಹಾಕಿ ಮುಟ್ಟಿ ನೋಡಿದೆ. ತೆಗೆದಿದ್ದೆ.

ಡಿಲೇಯನ್ನು ನಾನೇನೂ ಮಾರಿಲ್ಲ, ರಾತ್ರಿ ಮನೆಯಲ್ಲಿ ಈಗಲೂ ಒತ್ತುತ್ತೇನೆ. ಕಾರ್ಯಕ್ರಮಕ್ಕೆ ಮಾತ್ರ ಕಿತ್ತಳೆ ಡಬ್ಬಿ ಮತ್ತು ಆ ಪುಟ್ಟ ಆಂಪ್. ಜೊತೆಗೆ ಎರಡು ಹೊಸ ಬ್ಯಾಟರಿ, ಒಂದು ಪೆನ್ಸಿಲ್ ತುಂಡು, ಚಪ್ಪಲಿ ಪೆಟ್ಟಿಗೆಗಳಿಂದ ಕೂಡಿಸಿಟ್ಟ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಮುಂದಿನ ವರ್ಷ ಮಧೂರು ಕಡೆಯ ಒಂದು ಕಾರ್ಯಕ್ರಮದಲ್ಲಿ ಮೈಕದ ಅಣ್ಣ ಸಿಕ್ಕರು. ಹೊಸ 9 ವೋಲ್ಟ್ ಬ್ಯಾಟರಿ ಕೊಡಲು ಹೋದೆ.

"ಇದು ಬೇಡ," ಅಂದರು. "ನನಗೆ ನನ್ನದೇ ಬೇಕು. ಅದು ಎಲ್ಲುಂಟು?"

ಪೆಡಲಿನ ಸ್ಕ್ರೂ ತಿರುಗಿಸಿ ತೋರಿಸಿದೆ. ಅವರು ಅದನ್ನು ತೆಗೆದು ನಾಲಿಗೆಗೆ ಮುಟ್ಟಿಸಿದರು.

"ಸತ್ತಿದೆ," ಅಂದು ಹೊಸದನ್ನು ಕಿಸೆಗೆ ಹಾಕಿಕೊಂಡರು.